ಒಡಪು ಕೇಳಿದ ಗಾಡಿ

ಈ ಕತೆಯನ್ನು ಮೊದಲು ಹೇಳಿದವರು ಸೇಡಂ ಕಡೆಯ ಬಸಲಿಂಗಮ್ಮನವರು. ಹೇಳಿದ್ದು ಎರಡು ಸಾವಿರದ ಎಂಟನೆಯ ಇಸವಿಯ ಕಾರ್ತಿಕ ಮಾಸದ ಒಂದು ಭಾನುವಾರ, ಇಳಿಹೊತ್ತಿನಲ್ಲಿ, ಹೈದರಾಬಾದಿನ ಸನತ್‌ನಗರದ ಕೂಲಿಗಾರರ ವಠಾರದ ಬೇವಿನ ಕಟ್ಟೆಯ ಮೇಲೆ. ಕೇಳಲು ಕೂತವರು ಹದಿಮೂರು ಮಂದಿ: ಒಂಬತ್ತು ಜನ ವಠಾರದವರು, ನಾಲ್ವರು ಕೊಂಡಾಪುರದ ಕಂಪನಿಗಳಲ್ಲಿ ದುಡಿಯುವ ಬೆಂಗಳೂರು, ಮೈಸೂರು ಕಡೆಯವರು. ನಡೆದದ್ದು ಅದಕ್ಕೆ ಎರಡು ವರ್ಷ ಹಿಂದೆ. ಇದನ್ನೇ ತಾಂಡೂರಿನ ಕಲ್ಲುಗಣಿಯ ಹೆಂಗಸರು ಬೇರೆ ಬಗೆಯಾಗಿ ಹೇಳುವುದುಂಟು. ಅವರ ಪಾಠದಲ್ಲಿ ಗಾಡಿ ತಾನಾಗಿಯೇ ನಿಲ್ಲುತ್ತದೆ, ದೀಪಗಳು ಆರುತ್ತವೆ, ಯಾರೋ ಅಳುತ್ತಾರೆ. ಬಸಲಿಂಗಮ್ಮನವರು ಅದನ್ನು ಒಪ್ಪಲಿಲ್ಲ. “ಗಾಡಿ ನಿಲ್ಲಲಿಲ್ರಿ. ಯಾರೂ ಅಳಲಿಲ್ಲ. ನಾ ಅಲ್ಲೇ ಕುಂತಿದ್ದೆ,” ಎಂದರು. ಆದ್ದರಿಂದ ಇಲ್ಲಿ ಅವರ ಪಾಠವನ್ನೇ ಅನುಸರಿಸಿದೆ.

ಆ ಕಾಲಕ್ಕೆ ಹೈದರಾಬಾದಿನ ಪಡುವಣ ಅಂಚಿನಲ್ಲಿ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ದೂರದೂರದ ಊರುಗಳಿಂದ ಮಕ್ಕಳು ಬಂದು ಆ ಗಾಜಿನೊಳಗೆ ಸೇರಿಕೊಳ್ಳುತ್ತಿದ್ದರು. ಶುಕ್ರವಾರ ಸಂಜೆಯಾದರೆ ಬೆನ್ನಿಗೊಂದು ಚೀಲ ಏರಿಸಿ ಮತ್ತೆ ಊರ ದಾರಿ ಹಿಡಿಯುತ್ತಿದ್ದರು. ಅವರಿಗಾಗಿ ಒಂದು ಹೊಸ ಇಂಟರ್‌ಸಿಟಿ ಗಾಡಿ ಬರುತ್ತದೆ ಎಂಬ ಸುದ್ದಿ ವರ್ಷವಿಡೀ ಹರಿದಾಡಿ ಹಳತಾದ ಮೇಲೆ, ಶಿವರಾತ್ರಿ ಕಳೆದು ಬಿಸಿಲು ಏರಿದ ಒಂದು ಬೆಳಿಗ್ಗೆ, ಸನತ್‌ನಗರದ ಕಾರ್ಖಾನೆಗಳ ಬೆನ್ನಿಗಿರುವ ಜಾಲಿಗಿಡಗಳ ನಡುವಿನ ಪಕ್ಕದ ಹಳಿಗೆ ಆ ಗಾಡಿ ಬಂದು ನಿಂತಿತು. ಒಂಬತ್ತು ಬೋಗಿ, ಮೈಯೆಲ್ಲ ನೀಲಿ. ಆಸನಗಳಿಗೆ ತೊಡಿಸಿದ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ. ಯಾರೂ ಅದರಲ್ಲಿ ಕೂತಿರಲಿಲ್ಲ, ಯಾರೂ ಅದರಲ್ಲಿ ಉಗುಳಿರಲಿಲ್ಲ, ಯಾವ ಮಗುವೂ ಅದರ ಕಿಟಕಿಗೆ ಮೂಗು ಒತ್ತಿರಲಿಲ್ಲ.

ಹೊಸ ಗಾಡಿಗೆ ಮೊದಲು ಮನುಷ್ಯರನ್ನು ಹತ್ತಿಸುವುದಿಲ್ಲ, ಮರಳನ್ನು ಹತ್ತಿಸುತ್ತಾರೆ. ಅದು ಆ ಕೆಲಸದ ಪದ್ಧತಿ. ಒಂದು ಆಸನಕ್ಕೆ ಎರಡು ಚೀಲ; ಎರಡೂ ಕೂಡಿ ಒಬ್ಬ ಮನುಷ್ಯನ ತೂಕ. ಒಂದನ್ನು ಅಡ್ಡ ಮಲಗಿಸಿ, ಅದರ ಮೇಲೆ ಇನ್ನೊಂದನ್ನು ಬೆನ್ನಿಗಾನಿಸಿ ನೆಟ್ಟಗೆ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದ ಮೇಲೆ ಬೋಗಿಯ ಈ ತುದಿಯಿಂದ ನೋಡಿದರೆ ಸಾಲುಸಾಲಾಗಿ ಜನ ತಲೆತಗ್ಗಿಸಿ ಕೂತಂತೆಯೇ ಕಾಣುತ್ತದೆ. ಆ ಭಾರ ಹೊತ್ತು ಗಾಡಿ ತಾಂಡೂರಿನವರೆಗೆ ಹೋಗಿ ಬರಬೇಕು, ಎಲ್ಲಿ ವಾಲಿತು, ಎಲ್ಲಿ ನಡುಗಿತು ಎಂದು ಯಂತ್ರಗಳು ಗೆರೆ ಎಳೆದು ಹೇಳಬೇಕು. ಮರಳು ತುಂಬಿ, ದಬ್ಬಣದಿಂದ ಬಾಯಿ ಹೊಲಿದು, ಆಸನಗಳ ಮೇಲೆ ಕೂರಿಸುವ ಕೆಲಸ ಕೂಲಿಗಾರರ ಮೇಸ್ತ್ರಿ ಮುಕಾದಮ ಶಿವಶರಣಪ್ಪನ ತಂಡಕ್ಕೆ ಸಿಕ್ಕಿತ್ತು. ತಂಡದ ಹೆಂಗಸರಿಗೆಲ್ಲ ಹಿರಿಯಳು ಬಸಲಿಂಗಮ್ಮ. ಹೊಲಿಗೆಯಲ್ಲಿ ಎಲ್ಲರಿಗಿಂತ ಚುರುಕಾದವಳು ಕೃಷ್ಣಾಬಾಯಿ.

ಆ ವಾರ ಕೃಷ್ಣಾಬಾಯಿಯ ಕೈ ಚೀಲದ ಮೇಲಿತ್ತು, ಮನಸ್ಸು ಬೇರೆಲ್ಲೋ ಇತ್ತು. ಏಳು ವರ್ಷಗಳ ಹಿಂದೆ ಅವಳ ಗಂಡ ಕಲ್ಯಾಣಪ್ಪ ಹಳಿಗೆ ಜಲ್ಲಿ ಹಾಕುವ ಕೆಲಸಕ್ಕೆಂದು ಮೂರು ಹುಣಸಿ ರೈಲ್ವೆ ಗೇಟಿನ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಜೊತೆಗೆ ಹೋದವರು ಬಂದರು. ಅವನು ಒಂದು ದಿನ ಹಿಂದೆ ಉಳಿದ ಎಂದರು. ಅವನ ಅಣ್ಣ ಹುಡುಕಲು ಹೋಗಿ ಬರಿಗೈಯಲ್ಲಿ ಮರಳಿದ ಮೇಲೆ, ವಾಡಿಯ ಒಬ್ಬ ಹೆಂಗಸಿನ ಜೊತೆ ಮುಂಬೈ ಗಾಡಿ ಹತ್ತಿದನಂತೆ ಎಂಬ ಮಾತು ಹುಟ್ಟಿತು. ಮಾತಿಗೆ ಕಾಲು ಬಂತು, ವಠಾರಕ್ಕೂ ಬಂತು. ಅಂದಿನಿಂದ ಅವಳು ‘ಗಂಡ ಬಿಟ್ಟಾಕಿ’. ಆದರೂ ದಿನಾ ಬೆಳಿಗ್ಗೆ ಹಣೆಗೆ ಕುಂಕುಮ ಇಟ್ಟೇ ಹೊರಗೆ ಬರುತ್ತಿದ್ದಳು.

ಈಗ ಮಗಳು ಸಪ್ನಾಳ ಮದುವೆ ಗೊತ್ತಾಗಿತ್ತು. ಆ ಭಾನುವಾರ ಭಾವ ಹನುಮಂತರಾಯ ಲಗ್ನಪತ್ರಿಕೆಯ ಕರಡು ಹಿಡಿದು ಬಂದ. ಅವನು ಕೆಟ್ಟವನಲ್ಲ, ತಮ್ಮನ ಹೆಂಡತಿ ಮಕ್ಕಳಿಗೆ ಜೋಳ ಕಡಿಮೆಯಾಗದಂತೆ ನೋಡಿಕೊಂಡವನು.

“ಬೀಗರು ಕೇಳಾಕತ್ಯಾರವ್ವ,” ಎಂದ ಅವನು, ಕರಡನ್ನು ತೊಡೆಯ ಮೇಲೆ ನೀವುತ್ತ. “ಹುಡುಗಿ ತಂದಿ ಹೆಸರಿನ ಮುಂದ ‘ದಿವಂಗತ’ ಅಂತ ಹಾಕೂದೋ, ಬ್ಯಾಡೋ? ಇದ್ದಾನಂದ್ರ ಎಲ್ಲಿ ಅದಾನ ತೋರಸ್ರಿ ಅಂತಾರ. ಇಲ್ಲಂದ್ರ ಇಲ್ಲ ಅಂತ ಬರೀರಿ ಅಂತಾರ. ಶುಕ್ರವಾರ ನಾರಾಯಣಗೂಡದ ಪ್ರೆಸ್ಸಿಗೆ ಕೊಡಬೇಕು.”

“ನೀವ ಏನಂತೀರಿ ಬಾವಾರ?”

“ನಾ ಅನ್ನೂದಲ್ಲ. ಅಂವಾ ನಿನ್ನ ಗಂಡ.”

ಆ ಒಂದು ಪದ ಅಚ್ಚಾದರೆ ಕೊರಳ ತಾಳಿ, ಕೈಯ ಬಳೆ ಇಳಿಯುತ್ತವೆ. ಮಗಳಿಗೆ ಅರಿಷಿಣ ಹಚ್ಚುವ ಕೈ ತನ್ನದಾಗುವುದಿಲ್ಲ. ಅಚ್ಚಾಗದಿದ್ದರೆ ಮಗಳ ಮದುವೆ ಓಡಿಹೋದವನ ಹೆಸರಿನಲ್ಲಿ ನಡೆಯಬೇಕು, ಅಥವಾ ನಡೆಯಲೇಬಾರದು.

ಮಂಗಳವಾರ ಚೀಲಗಳನ್ನು ಗಾಡಿಗೆ ಏರಿಸುವ ದಿನ. ಮೊದಲ ಹೊರೆ ಏರಿಸುವ ಮುಂಚೆ ಬಸಲಿಂಗಮ್ಮ ನಾಲ್ಕನೆಯ ಬೋಗಿಯ ಬಾಗಿಲಲ್ಲಿ ಹತ್ತಿ ನಿಂತು, ಅಡ್ಡಕ್ಕೆ ತೋಳು ಚಾಚಿದಳು.

“ಹೊಸ ಮನಿ, ಹೊಸ ಹೊಸ್ತಿಲ. ಒಡಪ ಹಾಕಿ ಗಂಡನ ಹೆಸರ ಹೇಳದ ಯಾವಾಕೀನೂ ಒಳಗ ಬಿಡಂಗಿಲ್ಲ!”

ಹೆಂಗಸರು ಹೋ ಎಂದು ನಕ್ಕರು. ಆ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಹೊಸ ಹೊಸ್ತಿಲು ದಾಟುವಾಗ, ಮದುವೆಯಲ್ಲಿ, ತೊಟ್ಟಿಲ ಶಾಸ್ತ್ರದಲ್ಲಿ, ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ, ಎರಡು ಸಾಲಿನ ಪದ್ಯ ಕಟ್ಟಿ ಅದರೊಳಗೆ ಹೆಸರನ್ನು ಮುಚ್ಚಿಟ್ಟು ಹೇಳುತ್ತಾರೆ. ಅದೇ ಒಡಪು. ಗಂಡ ಬದುಕಿರುವವಳಿಗೆ ಮಾತ್ರ ಒಡಪು. ಗಂಡ ತೀರಿಕೊಂಡವಳನ್ನು ಯಾರೂ ಕೇಳುವುದಿಲ್ಲ, ಅವಳು ಹೇಳುವುದೂ ಇಲ್ಲ.

ಶಿವಶರಣಪ್ಪನ ಹೆಂಡತಿ ಪಾರ್ವತಿಬಾಯಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ಜ್ವಾಳದ ರೊಟ್ಟಿಗೆ ಬದನಿ ಎಣ್ಣಿಗಾಯಿ, ಶಿವಶರಣಪ್ಪನವರು ಬೈದರ ಮುಚ್ಚತೀನಿ ಬಾಯಿ!”

“ಯಾರ ಬಾಯಿ ಯಕ್ಕಾ? ನಿಂದೋ, ಅವರದೋ?” ಎಂದು ಹಿಂದಿನಿಂದ ಒಬ್ಬಳು ಕೂಗಿದಳು.

“ಅದನ್ನ ಅವರನ್ನ ಕೇಳು, ಅಲ್ಲೇ ನಿಂತಾರ ನೋಡು ಕುಂಬಳಕಾಯಿ ಕಳ್ಳನಂಗ!”

ಶಿವಶರಣಪ್ಪ ಕೇಳಿಸದವನಂತೆ ತಕ್ಕಡಿಯ ಕಡೆ ತಿರುಗಿದ. ಒಬ್ಬೊಬ್ಬಳೇ ಒಡಪು ಹೇಳಿ, ತೋಳಿನಡಿ ನುಸುಳಿ ಒಳಗೆ ಹೋದಳು. ತಂಡದಲ್ಲಿ ಇಬ್ಬರು ವಿಧವೆಯರಿದ್ದರು. ಅವರ ಸರದಿ ಬಂದಾಗ ಬಸಲಿಂಗಮ್ಮ ಮಾತಿಲ್ಲದೆ ತೋಳನ್ನು ಮೇಲೆತ್ತಿದಳು. ಅವರು ಕಣ್ಣು ಕೆಳಗೆ ಹಾಕಿ ದಾಟಿದರು.

ಕೊನೆಗೆ ಕೃಷ್ಣಾಬಾಯಿ ಮೆಟ್ಟಿಲ ಬಳಿ ನಿಂತಳು. ನಗು ಒಮ್ಮೆಲೇ ಅಡಗಿತು. ಬಸಲಿಂಗಮ್ಮನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ತೋಳು ಅಡ್ಡ ಇಟ್ಟರೆ ಗಾಯ ಕೆದಕಿದಂತೆ, ಎತ್ತಿದರೆ ಗಂಡ ಸತ್ತನೆಂದು ಎಲ್ಲರೆದುರು ಹೇಳಿದಂತೆ. ತೋಳು ಅರ್ಧಕ್ಕೆ ಏರಿತು.

ಕೃಷ್ಣಾಬಾಯಿ ಕೈ ಚಾಚಿ ಆ ತೋಳನ್ನು ಹಿಡಿದು ಕೆಳಕ್ಕೆ, ಇದ್ದಲ್ಲಿಗೇ ಇಳಿಸಿದಳು.

“ನೀಲಿ ಗಾಡಿಗೆ ನೂರೆಂಟ ಕಿಡಕಿ, ಕಲ್ಯಾಣಪ್ಪನವರು ಕುಂತಾರ ನನ್ನ ಹುಡುಕಿ.”

‘ಬರತಾರ’ ಎನ್ನಬೇಕೆಂದು ಅವಳು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಳು. ಬಾಯಿಗೆ ಬಂದದ್ದು ‘ಕುಂತಾರ’. ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಬಸಲಿಂಗಮ್ಮ ಅವಳ ಮುಖವನ್ನೇ ನೋಡಿ, “ಖಾಲಿ ಗಾಡ್ಯಾಗ ಮನಿಷಾನ್ನ ಕುಂದ್ರಿಸಿದ್ಯಲ್ಲೇ ಯವ್ವಾ,” ಎಂದು ಮೆಲ್ಲಗೆ ಅಂದು ತೋಳು ತೆಗೆದಳು. ಆ ಮೇಲೆ ಸಂಜೆಯವರೆಗೆ ಮರಳಿನ ಜನರನ್ನು ಕೂರಿಸಿದರು, ಬಾಗಿಲುಗಳಿಗೆ ಬೀಗ ಬಿತ್ತು.

ಬುಧವಾರ ಗಾಡಿ ತಾಂಡೂರಿಗೆ ಹೋಗಿ ಮಧ್ಯಾಹ್ನ ಮರಳಿತು. ಬೋಗಿಗಳ ಅಡಿಯ ಸ್ಪ್ರಿಂಗುಗಳಿಗೆ ತಂತಿ ಕಟ್ಟಿ, ಎಷ್ಟು ಭಾರ ಬಿದ್ದಿದೆಯೆಂದು ಕ್ಷಣಕ್ಷಣಕ್ಕೂ ಕಾಗದದ ಮೇಲೆ ಗೆರೆ ತೆಗೆಯುವ ಯಂತ್ರ ಇಟ್ಟಿದ್ದರು. ಅದನ್ನು ನೋಡಿಕೊಳ್ಳುವವನು ಕುಂದಾಪುರ ಕಡೆಯ ಎಂಜಿನಿಯರು ಚಂದ್ರಹಾಸ, ಮೂವತ್ತು ದಾಟದ ಸಣಕಲ. ಅವನು ಕಾಗದದ ಸುರುಳಿ ಹಿಡಿದು ತಂಡ ಊಟಕ್ಕೆ ಕೂತಲ್ಲಿಗೆ ಬಂದ.

“ಎಂತ ಮಾರಾಯ್ರೆ, ನಾಲ್ಕನೇ ಬೋಗಿಗೆ ಒಬ್ಬನನ್ನು ಜಾಸ್ತಿ ಕೂರಿಸಿದ್ದೀರಾ? ಅರುವತ್ತಮೂರು ಕಿಲೋ ಹೆಚ್ಚಿಗೆ ಉಂಟು.”

ಶಿವಶರಣಪ್ಪ ರೊಟ್ಟಿ ಕೆಳಗಿಟ್ಟು ಎದ್ದ. ಚೀಲ ಎಣಿಸಿದರು, ಲೆಕ್ಕ ಸರಿ. ಒಂದೊಂದನ್ನೂ ಇಳಿಸಿ ತೂಗಿದರು, ತೂಕ ಸರಿ. ನಿಂತ ಬೋಗಿಯ ಭಾರವೂ ಸರಿ. ಆಗ ಚಂದ್ರಹಾಸ ಸುರುಳಿಯನ್ನು ನೆಲದ ಮೇಲೆ ಹಾಸಿ ಬೆರಳಿಟ್ಟು ತೋರಿಸಿದ. ಹೋಗುವಾಗ ಗೆರೆ ನೆಟ್ಟಗಿತ್ತು. ಬರುವಾಗ ಒಂದು ಕಡೆ ಮೆಟ್ಟಿಲು ಹತ್ತಿದಂತೆ ಥಟ್ಟನೆ ಮೇಲೇರಿ, ಅಲ್ಲಿಂದ ಸನತ್‌ನಗರದವರೆಗೂ ಹಾಗೇ ಬಂದು, ಗಾಡಿ ನಿಂತ ಮೇಲೆ ಕೆಳಗಿಳಿದಿತ್ತು.

“ಗಾಡಿ ನೂರರ ಮೇಲೆ ಓಡ್ತಾ ಇತ್ತು. ಬಾಗಿಲಿಗೆ ಬೀಗ. ಆದರೂ ನೋಡಿ, ಯಾರೋ ಹತ್ತಿದ ಹಾಗೆ, ಇಲ್ಲಿ ಇಳಿದ ಹಾಗೆ,” ಎಂದು ಅವನು ನಗಲು ನೋಡಿದ. “ಯಂತ್ರದ್ದೇ ದೋಷ ಇರಬೇಕು. ಈ ಹತ್ತಿದ ಜಾಗ ಯಾವುದು, ನಿಮಗೆ ಗೊತ್ತುಂಟಾ?” ಎಂದು ಕಿಲೋಮೀಟರ್ ಕಲ್ಲಿನ ಸಂಖ್ಯೆ ಓದಿದ.

“ಅದು ಮೂರ ಹುಣಸಿ ಗೇಟರಿ ಸಾಹೇಬರ. ಈಗ ಮುಚ್ಚ್ಯಾರ. ಏಳ ವರ್ಷದ ಹಿಂದ ನಮ್ಮ ಮಂದಿ ಅಲ್ಲಿ ಜಲ್ಲಿ…” ಎಂದ ಶಿವಶರಣಪ್ಪ, ಮುಂದಿನ ಮಾತನ್ನು ನುಂಗಿಕೊಂಡ. ಯಾರೂ ಕೃಷ್ಣಾಬಾಯಿಯ ಕಡೆ ನೋಡಲಿಲ್ಲ. ನೋಡದಂತೆ ಇರಲು ಎಲ್ಲರೂ ಪಾಡುಪಟ್ಟರು.

ಅವಳು ಎಂಜಲ ಕೈಯಲ್ಲೇ ಎದ್ದು ನಿಂತಳು. “ಸಾಹೇಬರ, ನಾಳಿ ಮತ್ತ ಗಾಡಿ ಬಿಡತೀರಿ?”

“ಬಿಡಲೇಬೇಕಲ್ಲ.”

“ತಿರುವಿನ್ಯಾಗ ಚೀಲ ಬೀಳತಾವ. ಎತ್ತಿ ನಿಲ್ಲಸಾಕ ಮಂದಿ ಬೇಕು. ನಾ ಬರತೀನಿ.”

“ಒಬ್ಬಾಕೀನ್ನ ಬಿಡಂಗಿಲ್ಲ, ನಾನೂ ಬರತೀನಿ,” ಎಂದಳು ಬಸಲಿಂಗಮ್ಮ.

ಅಂದು ಸಂಜೆ ಕೃಷ್ಣಾಬಾಯಿ ನೀರಿಗೆ ಹೋದಾಗ ಹೊಸ ಗೋದಾಮಿನ ಗೋಡೆಯ ಬಳಿ ಓಣಿಯ ನಾಯಿಗಳೆಲ್ಲ ಸಾಲಾಗಿ ನಿಂತಿದ್ದವು. ಬೊಗಳುತ್ತಿರಲಿಲ್ಲ. ಗೋಡೆಯಗುಂಟ ಯಾರೋ ಅತ್ತಿಂದಿತ್ತ ನಡೆದಾಡುವುದನ್ನು ನೋಡುವಂತೆ ಅವುಗಳ ತಲೆಗಳು ಒಟ್ಟಿಗೇ ಈ ಕಡೆ ಆ ಕಡೆ ತಿರುಗುತ್ತಿದ್ದವು. ಆ ಗೋಡೆ ಇರುವ ಜಾಗದಲ್ಲೇ ಏಳು ವರ್ಷದ ಹಿಂದೆ ಅವಳ ಗುಡಿಸಲಿತ್ತು. ಗಂಡ ಹೋದಾಗ ಹೊರಟದ್ದು ಆ ಬಾಗಿಲಿನಿಂದ. ವಠಾರದ ಮನೆ ಅವನು ಕಂಡದ್ದಲ್ಲ.

ಗುರುವಾರ ಬೆಳಿಗ್ಗೆ ಚಂದ್ರಹಾಸ ಇಬ್ಬರು ಹೆಂಗಸರನ್ನೂ ಚೀಲದ ತಕ್ಕಡಿಯ ಮೇಲೆ ನಿಲ್ಲಿಸಿದ. ಅವರ ಭಾರ ಗೊತ್ತಿರದಿದ್ದರೆ ಗೆರೆಯ ಲೆಕ್ಕ ತಪ್ಪುತ್ತದೆ.

“ಬರಕೊಳ್ರಿ, ಆದ್ರ ಜೋರ ಓದಬ್ಯಾಡ್ರಿ,” ಎಂದಳು ಬಸಲಿಂಗಮ್ಮ.

“ಎಪ್ಪತ್ತೆರಡು,” ಎಂದು ಅವನು ಜೋರಾಗಿಯೇ ಓದಿದ. ಹೆಂಗಸರು ನಕ್ಕರು. ಕೃಷ್ಣಾಬಾಯಿಯದು ಐವತ್ತೊಂದು.

ಹೋಗುವ ದಾರಿಯಲ್ಲಿ ಏನೂ ಆಗಲಿಲ್ಲ. ನಾಲ್ಕನೆಯ ಬೋಗಿಯಲ್ಲಿ ಅವರಿಬ್ಬರೇ. ಕಿಟಕಿ ತೆರೆಯುವಂಥದ್ದಲ್ಲ, ಗಾಜಿನಾಚೆ ಬಂಡೆಗಳು, ಅರ್ಧಕ್ಕೆ ನಿಂತ ಕಟ್ಟಡಗಳು, ಆಮೇಲೆ ತೊಗರಿ ಕಿತ್ತ ಹೊಲಗಳು ಸದ್ದಿಲ್ಲದೆ ಹಿಂದೆ ಸರಿದವು. ಒಳಗೆ ಬಣ್ಣದ ವಾಸನೆ. ಗಾಡಿ ಬಾಗಿದಾಗ ಮರಳಿನ ಜನರೆಲ್ಲ ಒಂದೇ ಕಡೆ ಬಾಗಿ ಮತ್ತೆ ನೆಟ್ಟಗಾಗುತ್ತಿದ್ದರು. ಕೃಷ್ಣಾಬಾಯಿ ಬಿದ್ದವನ್ನು ಎತ್ತಿ ನಿಲ್ಲಿಸಿದಳು. ತಾಂಡೂರಿನಲ್ಲಿ ಗಾಡಿ ದಿಕ್ಕು ಬದಲಿಸಿತು.

ಮರಳುವಾಗ ಹೊತ್ತು ಸರಿಯಾಗಿ ನಡುನೆತ್ತಿಗೆ ಬಂದಿತ್ತು. ಮಟಮಟ ಮಧ್ಯಾಹ್ನ; ಹೊರಗಿನ ಯಾವ ಗಿಡಕ್ಕೂ ನೆರಳಿಲ್ಲ. ದೂರದಲ್ಲಿ ಮೂರು ಹುಣಸೆ ಮರಗಳು ಕಂಡವು, ಹತ್ತಿರವಾದವು, ಗಾಜಿಗೆ ಒರಗಿದಂತೆ ಒಮ್ಮೆ ಕಪ್ಪಾಗಿ ಹಾದುಹೋದವು.

ಅದೇ ಗಳಿಗೆಗೆ ಎದುರು ಸಾಲಿನ ಕಿಟಕಿ ಬದಿಯ ಎರಡು ಚೀಲಗಳು ಸರಿದು ನೆಲಕ್ಕೆ ಕೂತವು. ಬೀಳಲಿಲ್ಲ. ಜಾಗ ಬಿಡುವವರಂತೆ ಸರಿದು ಕೂತವು. ಗಾಡಿ ಅಲ್ಲಿ ತಿರುವು ತೆಗೆದುಕೊಂಡಿರಲಿಲ್ಲ.

ಎತ್ತಿ ನಿಲ್ಲಿಸಲೆಂದು ಕೃಷ್ಣಾಬಾಯಿ ಮುಂದಾದಳು. ಬಸಲಿಂಗಮ್ಮ ಅವಳ ರಟ್ಟೆ ಹಿಡಿದಳು. “ಬಿಡು. ನೋಡು.”

ಖಾಲಿಯಾದ ಆಸನದ ಪ್ಲಾಸ್ಟಿಕ್ಕು ಚರಚರ ಎಂದು ಬಿಗಿಯಿತು. ಮೆತ್ತೆ ನಿಧಾನವಾಗಿ ತಗ್ಗಿತು. ಒಂದು ಅಗಲವಾದ ತಗ್ಗು. ಅದರ ಪಕ್ಕಕ್ಕೆ, ಅಂಚಿಗೆ, ಹಿಮ್ಮಡಿಯಷ್ಟೇ ದುಂಡನೆಯ ಇನ್ನೊಂದು ಸಣ್ಣ ತಗ್ಗು.

ಕಲ್ಯಾಣಪ್ಪ ಎಲ್ಲಿ ಕೂತರೂ, ಹೊರಸಿನ ಮೇಲಾಗಲಿ ಬಂಡಿಯ ಮೇಲಾಗಲಿ, ಎಡಗಾಲನ್ನು ಮೇಲೆಳೆದು ಹಿಮ್ಮಡಿಯನ್ನು ತೊಡೆಗೆ ಒತ್ತಿಯೇ ಕೂರುತ್ತಿದ್ದ. ‘ಕೋಳಿ ಕಾವಿಗೆ ಕುಂತಂಗ ಕುಂದ್ರತಾನ ನೋಡು’ ಎಂದು ಅವನ ತಾಯಿ ಸಾಯುವವರೆಗೂ ಆಡಿಕೊಂಡಿದ್ದಳು.

ಕೃಷ್ಣಾಬಾಯಿ ಕಿಟಕಿಯ ಗಾಜಿನಲ್ಲಿ ನೋಡಿದಳು, ಅಲ್ಲಿ ಚೀಲಗಳ ಸಾಲು, ತಾನು, ಬಸಲಿಂಗಮ್ಮ, ಅಷ್ಟೇ. ಆದರೆ ಬೋಗಿಯೊಳಗಿನ ಬಣ್ಣದ ವಾಸನೆ ಹೋಗಿ, ಬಿಸಿಲಿಗೆ ಕಾದ ಜಲ್ಲಿಕಲ್ಲಿನ ವಾಸನೆ ತುಂಬಿತ್ತು.

“ಯಾ ಕಡೆ ಮಾರಿ ಮಾಡಿ ಕುಂತಾರ?” ಎಂದು ಅವಳು ಉಸಿರಿನಲ್ಲೇ ಕೇಳಿದಳು.

“ಸೀಟಿನ ಮಾರಿ ಊರ ಕಡೆ ಐತಿ. ಹೈದ್ರಾಬಾದ್ ಕಡೆ.”

“ಮುಂಬೈ ಕಡೆ ಅಲ್ಲ.”

“ಅಲ್ಲ ಯವ್ವಾ. ಮನಿಗೆ ಬರಾಕತ್ಯಾರ.”

ಏಳು ವರ್ಷ ಹೊತ್ತ ಒಂದು ಮಾತು ಅವಳ ತಲೆಯ ಮೇಲಿಂದ ಇಳಿಯಿತು. ಇಳಿದ ಜಾಗದಲ್ಲೇ ಅದಕ್ಕಿಂತ ಭಾರವಾದ ಇನ್ನೊಂದು ಬಂದು ಕೂತಿತು. ಮನೆಗೆ ಬರುತ್ತಿದ್ದ. ಬಂದು ಮುಟ್ಟಲಿಲ್ಲ. ಬದುಕಿದ್ದವನಾದರೆ ಬೀಗ ಹಾಕಿದ ಗಾಡಿಗೆ ಹತ್ತುವುದಿಲ್ಲ.

“ನಿನ್ನಿ ಎಲ್ಲಿ ಇಳದ್ರು, ಇವತ್ತೂ ಅಲ್ಲೇ ಇಳೀತಾರ,” ಎಂದಳು ಬಸಲಿಂಗಮ್ಮ. “ಇಳದು ಗುಡಸಲಾ ಹುಡುಕತಾರ. ಗೋಡಿ ಸಿಗತೈತಿ. ನಾಳಿ ಮತ್ತ ಹತ್ತತಾರ.” ಸ್ವಲ್ಪ ತಡೆದು ಅವಳು ಕೃಷ್ಣಾಬಾಯಿಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. “ಒಡಪ ಹಾಕಿ ಕುಂದ್ರಿಸಿದಾಕಿ ನೀ. ಎಬ್ಬಸಾಕೂ ನೀನ ಬೇಕು. ಒಡಪಿಲ್ಲದ ಬರೇ ಹೆಸರ ಕರದರ ಎದ್ದ ಹೋಗತಾರ. ಆದ್ರ ಬರೇ ಹೆಸರ ಕರದಾಕಿ ಮುತ್ತೈದಿ ಆಗಿ ಉಳಿಯಂಗಿಲ್ಲ. ಕರಿ ಅಂತ ನಾ ಹ್ಯಾಂಗ ಹೇಳಲಿ? ನನ್ನ ಬಾಯಿಂದ ಬರೂದಿಲ್ಲ.”

ಕೃಷ್ಣಾಬಾಯಿ ಆ ಎರಡು ತಗ್ಗುಗಳನ್ನು ನೋಡುತ್ತ ಕೂತಳು. ಕರೆಯದೆ ಸುಮ್ಮನಿದ್ದರೆ ಕುಂಕುಮ ಉಳಿಯುತ್ತದೆ. ಮಗಳಿಗೆ ತಾನೇ ಅರಿಷಿಣ ಹಚ್ಚಬಹುದು. ದಿನಾ ಈ ಗಾಡಿ ಬರುವ ಹೊತ್ತಿಗೆ ಜಾಲಿಗಿಡದ ಬಳಿ ನಿಂತರೆ, ಗಂಡ ಬಂದನೆಂದು ತನ್ನಷ್ಟಕ್ಕೆ ತಿಳಿದುಕೊಳ್ಳಬಹುದು. ನಾಳೆ ಈ ಆಸನದ ಮೇಲೆ ಯಾವುದೋ ಊರಿನ ಯಾರದೋ ಮಗು ಕೂರುತ್ತದೆ, ಅದರ ಮೈಗೆ ಆ ಕಾಣದ ಭಾರ ತಾಗುತ್ತದೆ. ಅವನೋ, ಗೋಡೆಯಗುಂಟ ನಡೆಯುತ್ತಾನೆ, ಬಾಗಿಲು ಸಿಗುವುದಿಲ್ಲ.

ಅವಳು ಎದ್ದು ಎದುರು ಸಾಲಿಗೆ ಹೋಗಿ, ಆ ತಗ್ಗಿನ ಪಕ್ಕದಲ್ಲಿ ಚೀಲ ಸರಿಸಿ ಕೂತಳು. ಬಸಲಿಂಗಮ್ಮ ಕೈ ಬಿಡದೆ ಎದುರಿಗೆ ನಿಂತಳು.

“ಸಪ್ನಾಗ ವರ ಗೊತ್ತಾಗೈತ್ರಿ,” ಎಂದಳು ಕೃಷ್ಣಾಬಾಯಿ, ಉಣ್ಣಲು ಕೂತವನಿಗೆ ಮನೆಯ ಸುದ್ದಿ ಹೇಳುವ ಹೆಂಡತಿಯಂತೆ. “ಜಹೀರಾಬಾದಿನ ಮಂದಿ. ಹುಡುಗ ಛಲೋ ಅದಾನ. ವೈಶಾಖದಾಗ ಲಗ್ನ. ಗುಡಸಲಾ ಕೆಡವ್ಯಾರ, ನಾವು ವಠಾರದಾಗ ಅದೀವಿ. ಹುಡುಕಬ್ಯಾಡ್ರಿ ಇನ್ನ.”

ಗಾಡಿ ಲಿಂಗಂಪಲ್ಲಿ ದಾಟಿತು. ಇನ್ನು ಹೆಚ್ಚು ಹೊತ್ತಿರಲಿಲ್ಲ. ಬೆಳಿಗ್ಗೆ ಮುಕಾದಮ ಹಾಜರಿ ಕರೆಯುವ ದನಿಯಲ್ಲಿ, ನೆಟ್ಟಗೆ ಮುಂದೆ ನೋಡುತ್ತ, ಅವಳು ಕರೆದಳು:

“ಕಲ್ಯಾಣಪ್ಪ.”

ಏನೂ ಆಗಲಿಲ್ಲ. ಅವಳು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಕರೆದಳು. ಹಾಜರಿಗೆ ಓಗೊಟ್ಟು ಮನುಷ್ಯ ಮಂಡಿಗೆ ಕೈಯೂರಿ ಏಳುವಂತೆ ಮೊದಲು ಸಣ್ಣ ತಗ್ಗು ತುಂಬಿತು, ಆಮೇಲೆ ದೊಡ್ಡದು. ಪ್ಲಾಸ್ಟಿಕ್ಕು ಸಡಿಲಾಗಿ ಒಂದೆರಡು ಸಲ ಸದ್ದು ಮಾಡಿ ಸುಮ್ಮನಾಯಿತು. ಬಸಲಿಂಗಮ್ಮ ನೋಡಿದಾಗ ಕೃಷ್ಣಾಬಾಯಿಯ ಕಣ್ಣುಗಳು ತೆರೆದೇ ಇದ್ದವು, ಆದರೆ ಅವು ಯಾವುದನ್ನೂ ನೋಡುತ್ತಿರಲಿಲ್ಲ. ಹಿಡಿದ ಕೈ ಒಲೆಯ ಕಲ್ಲಿನಂತೆ ಬಿಸಿಯಾಗಿತ್ತು.

ಗಾಡಿ ನಿಂತ ಮೇಲೆ ಚಂದ್ರಹಾಸ ಸುರುಳಿ ಹಿಡಿದು ಓಡಿ ಬಂದ.

“ಅರುವತ್ತಮೂರು ಮತ್ತೆ ಹತ್ತಿದೆ. ಇಲ್ಲಿ, ಲಿಂಗಂಪಲ್ಲಿ ದಾಟಿದ ಮೇಲೆ, ಹೋಗಿಬಿಟ್ಟಿದೆ. ಅದಿರಲಿ. ಅದರ ಜೊತೆಗೆ ಐವತ್ತೊಂದು ಕೂಡ ಹೋಗಿದೆ ಮಾರಾಯ್ರೆ, ಹನ್ನೊಂದು ಸೆಕೆಂಡು. ಆಮೇಲೆ ತಿರುಗಿ ಬಂದಿದೆ.” ಅವನು ಕೃಷ್ಣಾಬಾಯಿಯ ಕಡೆ ನೋಡಿದ. “ನೀವು ಆಗ ಎದ್ದು ಬೇರೆ ಬೋಗಿಗೆ ಹೋಗಿದ್ರಾ?”

“ಇಲ್ರಿ. ನಾ ಕೈ ಹಿಡಕೊಂಡೇ ಇದ್ದೆ,” ಎಂದಳು ಬಸಲಿಂಗಮ್ಮ.

ಬಹಳ ದಿನಗಳ ಮೇಲೆ ಕೃಷ್ಣಾಬಾಯಿ ಬಸಲಿಂಗಮ್ಮನೊಬ್ಬಳಿಗೇ ಹೇಳಿದಳು. ಆ ಹನ್ನೊಂದು ಸೆಕೆಂಡು ಅವಳು ಹುಣಸೆ ಮರಗಳ ಬುಡದಲ್ಲಿ ನಿಂತಿದ್ದಳಂತೆ, ಕಾಲಡಿ ಜಲ್ಲಿಕಲ್ಲು ಸುಡುತ್ತಿತ್ತು. ಅವನು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಹಳಿಯಗುಂಟ ಮುಂದೆ ಮುಂದೆ ನಡೆದ, ತಿರುಗಿ ನೋಡಲಿಲ್ಲ. ಆಗ ನೀಲಿ ಗಾಡಿ ಅವಳ ಪಕ್ಕದಿಂದ ಹಾದುಹೋಯಿತು. ಒಂದು ಕಿಟಕಿಯಲ್ಲಿ ಇಬ್ಬರು ಹೆಂಗಸರು ಕಂಡರು; ಒಬ್ಬಳು ಬಸಲಿಂಗಮ್ಮ, ಇನ್ನೊಬ್ಬಳು ತಾನೇ. ಅಂದು ಗಾಡಿಯಿಂದ ಇಳಿಯುವಾಗ ಅವಳ ಅಂಗಾಲು ಕೆಂಪಗೆ ಬೊಬ್ಬೆ ಎದ್ದದ್ದನ್ನು ಬಸಲಿಂಗಮ್ಮ ಕಂಡಿದ್ದಳು. ಎಂಟು ದಿನ ಅವಳು ಕುಂಟುತ್ತ ನಡೆದಳು.

ಆ ಗುರುವಾರ ಸಂಜೆ ಹನುಮಂತರಾಯ ಕರಡು ಹಿಡಿದು ಬಂದಾಗ ಕೃಷ್ಣಾಬಾಯಿ ಹಣೆ ತೊಳೆದುಕೊಂಡು ಬಾಗಿಲಲ್ಲಿ ಕೂತಿದ್ದಳು. ಅವನು ಅವಳ ಬರಿಯ ಹಣೆಯನ್ನು ನೋಡಿದ, ಕರಡನ್ನು ಮಡಿಚಿದ, ಮತ್ತೆ ಬಿಚ್ಚಿದ.

“ಹಾಕ್ರಿ ಬಾವಾರ. ದಿವಂಗತ ಅಂತ ಹಾಕ್ರಿ.”

“ಯಾರರೆ ಬಂದು ಹೇಳಿದ್ರೇನವ್ವ?”

“ನಾ ಕಂಡೀನಿ. ಮನಿಗೆ ಬರಾಕತ್ತಿದ್ರು. ದಾರ್ಯಾಗ ಹೋದ್ರು.” ಅವಳು ತಲೆ ಎತ್ತಿ ಅವನನ್ನು ನೇರ ನೋಡಿದಳು. “ಮುಂಬೈಗೆ ಓಡಿ ಹೋದಾಂವ ಅನ್ನೂ ಮಾತು ಮೊದಲ ಯಾರ ಬಾಯಿಂದ ಬಂತು, ನನಗ ಗೊತ್ತೈತಿ. ನೀವ ಅಂದ್ರಿ. ಸತ್ತಾನಂತ ಅನ್ನಾಕ ಮನಸ ಬರಲಿಲ್ಲ, ಅದಕ್ಕ ಅಂದ್ರಿ. ನಾ ಸಿಟ್ಟ ಮಾಡಂಗಿಲ್ಲ. ಆದ್ರ ಪ್ರೆಸ್ಸಿಗೆ ಹೋಗೂ ಮೊದಲ ಕಟ್ಟಿ ಮ್ಯಾಲ ನಿಂತು, ಆ ಮಾತು ಸುಳ್ಳ ಅಂತ ನೀವ ಹೇಳಬೇಕು.”

ಹನುಮಂತರಾಯ ಹೊರಗೆ ಹೋಗಿ, ಬೇವಿನ ಕಟ್ಟೆಯ ಬಳಿ ನಿಂತು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಸಂಜೆಯ ನೀರಿಗೆ ಬಂದವರು, ಕಾರ್ಖಾನೆಯಿಂದ ಮರಳಿದವರು ಎಲ್ಲರೂ ಅಲ್ಲಿದ್ದರು. “ನನ್ನ ತಮ್ಮ ಎಲ್ಲಿಗೂ ಓಡಿ ಹೋಗಿರಲಿಲ್ರಪ್ಪಾ,” ಎಂದು ಅವನು ಶುರು ಮಾಡಿದ. ಮುಂದಿನ ಮಾತು ಅವನಿಂದ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ವೈಶಾಖದಲ್ಲಿ ಸಪ್ನಾಳ ಮದುವೆಯಾಯಿತು. ಅರಿಷಿಣ ಹಚ್ಚಿದವಳು ಪಾರ್ವತಿಬಾಯಿ. ಕೃಷ್ಣಾಬಾಯಿ ಬಾಗಿಲ ಮರೆಯಲ್ಲಿ ಕೂತು ಎಲ್ಲವನ್ನೂ ನೋಡಿದಳು. ಗಾಡಿಯ ಮೂರನೆಯ ಓಟದಲ್ಲಿ ಗೆರೆ ಈ ತುದಿಯಿಂದ ಆ ತುದಿಗೆ ದಾರ ಹಿಡಿದಂತೆ ನೆಟ್ಟಗಿತ್ತು. ಮರಳನ್ನು ಸುರಿದರು, ಪ್ಲಾಸ್ಟಿಕ್ಕು ಬಿಚ್ಚಿದರು, ಜನ ಹತ್ತಿದರು. ಚಂದ್ರಹಾಸ ಎರಡನೆಯ ಓಟದ ಸುರುಳಿಯನ್ನು ಕಚೇರಿಗೆ ಒಪ್ಪಿಸಲಿಲ್ಲವೆಂದು ಶಿವಶರಣಪ್ಪ ಹೇಳುತ್ತಾನೆ. ಅದನ್ನು ಅವನು ಏನು ಮಾಡಿದನೆಂಬುದು ಯಾರಿಗೂ ತಿಳಿಯದು.

ಇಷ್ಟು ಹೇಳಿ ಬಸಲಿಂಗಮ್ಮನವರು ಎಲೆ ಅಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮೈಸೂರಿನ ಹುಡುಗಿ ಹರ್ಷಿತಾ, ಶುಕ್ರವಾರ ಗೆಳತಿಯ ಊರಿಗೆ ಅದೇ ಗಾಡಿಯಲ್ಲಿ ಹೊರಡುವವಳು, “ಅಜ್ಜಿ, ಆ ಸೀಟು ಎಷ್ಟನೇದು?” ಎಂದು ಕೇಳಿದಳು.

“ನನಗ ಓದಾಕ ಬರೂದಿಲ್ಲವ್ವ,” ಎಂದರು ಅವರು. “ಎಲ್ಲಾ ಸೀಟೂ ಒಂದ ಥರಾ ಇರತಾವ. ಹೋಗ್ರಿ, ಹೊತ್ತಾತು.”

ಒಲೆ ಹಚ್ಚುವ ಹೊಗೆ ವಠಾರದೊಳಗೆ ಏಳತೊಡಗಿತ್ತು. ಹೆಂಗಸರು ಸೆರಗು ಕೊಡವಿ ಎದ್ದರು, ಗಂಡಸರು ಚಪ್ಪಲಿ ಹುಡುಕಿದರು. ಕೊಂಡಾಪುರದ ನಾಲ್ವರು ಆಟೋ ನಿಲ್ಲುವ ಕಡೆಗೆ, ಎಂದಿಗಿಂತ ಒಬ್ಬರಿಗೊಬ್ಬರು ಹತ್ತಿರವಾಗಿ, ನಡೆದು ಹೋದರು.